08372ರಿಂದ 192.168ರ ತನಕ: ನಮ್ಮ ನಾಲ್ಕೂರಿನ ನೆಟ್‌ವರ್ಕ್ ಕಥೆ

ಗದಗ-ಬೆಟಗೇರಿ: 08372
ಮುಂಡರಗಿ: 08371
ಶಿರಹಟ್ಟಿ: 08487
ಲಕ್ಷ್ಮೇಶ್ವರ: ಅದೂ 08487

ಎಸ್ಟಿಡಿ ಬೂತಿನ ಗೋಡೆಯ ಮೇಲೆ ಇಂಥ ಪಟ್ಟಿ ಓದಿ ಬೆಳೆದವರಿಗೆ ಇಂಟರ್ನೆಟ್ಟಿನ ಅರ್ಧ ಪಾಠ ಆಗಲೇ ಆಗಿಹೋಗಿದೆ. ಹಾಗಂತ ಅವರಿಗೆ ಯಾರೂ ಹೇಳಿಲ್ಲ, ಅಷ್ಟೇ. ಐಪಿ ಅಡ್ರೆಸ್, ಸಬ್‌ನೆಟ್, ಗೇಟ್‌ವೇ, ಡಿಎನ್‌ಎಸ್, ನ್ಯಾಟ್... ಇವೆಲ್ಲ ಎಲ್ಲೋ ಅಮೆರಿಕಾದಿಂದ ದಿಢೀರ್ ಅಂತ ಉದುರಿದ ಪದಗಳು ಅಂತ ನಾವು ಅಂದುಕೊಂಡಿದ್ದೇವೆ. ಇಂಜಿನಿಯರಿಂಗ್ ಪುಸ್ತಕದಲ್ಲೂ ಒಂದು ಮೋಡದ ಚಿತ್ರ ಬರೆದು ಅದರೊಳಗೆ ಇಂಟರ್ನೆಟ್ ಅಂತ ಬರೆದು ಮುಂದಿನ ಅಧ್ಯಾಯಕ್ಕೆ ಹೋಗಿಬಿಡುತ್ತಾರೆ. ನಿಜ ಹೇಳಬೇಕೆಂದರೆ ಈ ಪ್ರತಿಯೊಂದು ಪದಕ್ಕೂ ನಮ್ಮ ಅಂಚೆಯಲ್ಲಿ, ನಮ್ಮ ಟೆಲಿಫೋನಿನಲ್ಲಿ ಒಬ್ಬ ಅಣ್ಣ ಇದ್ದಾನೆ. ಆ ಅಣ್ಣಂದಿರ ಕಥೆಯನ್ನು ಇವತ್ತು ಹೇಳೋಣ ಅಂತ ಕೂತಿದ್ದೇನೆ.

ಇದರಿಂದ ಏನು ಪ್ರಯೋಜನ ಅಂತೀರಾ? "ಸರ್ವರ್ ಡೌನ್ ಐತ್ರೀ" ಅನ್ನುವ ಮಾತು ಇವತ್ತು ನಮ್ಮ ಕಡೆ ಕೇಳದವರಿಲ್ಲ. ಉತಾರ ತೆಗೆಸಲು ಹೋದ ರೈತನಿಗೂ ಅದೇ ಉತ್ತರ, ರೇಷನ್ ಅಂಗಡಿಯಲ್ಲಿ ಹೆಬ್ಬೆರಳು ಒತ್ತಿ ನಿಂತ ಅಜ್ಜಿಗೂ ಅದೇ ಉತ್ತರ. ಅಲ್ಲಿ ನಿಜವಾಗಿ ಕೆಟ್ಟದ್ದು ಸರ್ವರ್ರೋ, ಕೇಬಲ್ಲೋ, ಮೂಲೆಯಲ್ಲಿ ಧೂಳು ಹಿಡಿದ ಮೋಡೆಮ್ಮೋ ಅಂತ ಯಾರೂ ಕೇಳುವುದಿಲ್ಲ. ಕೇಳುವುದಕ್ಕೆ ಪದ ಗೊತ್ತಿರಬೇಕಲ್ಲ! ಪದ ಗೊತ್ತಿಲ್ಲದವನು ನಾಳೆ ಮತ್ತೆ ಬಸ್ಸಿಗೆ ದುಡ್ಡು ಖರ್ಚು ಮಾಡಿ ಬರುತ್ತಾನೆ. ಅದಕ್ಕೇ ಈ ಲೇಖನ.

ಮನುಷ್ಯನೇ ಸ್ವಿಚ್ ಆಗಿದ್ದ ಕಾಲ

ಭಾರತದಲ್ಲಿ ಟೆಲಿಫೋನ್ ಎಕ್ಸ್‌ಚೇಂಜುಗಳು ಶುರುವಾದದ್ದು 1882ರಲ್ಲಿ, ಕಲ್ಕತ್ತಾ, ಬೊಂಬಾಯಿ, ಮದ್ರಾಸುಗಳಲ್ಲಿ. ಆಗ ಕರೆ ಜೋಡಿಸುತ್ತಿದ್ದವರು ಆಪರೇಟರುಗಳು. ಎದುರಿಗೆ ತೂತುಗಳಿರುವ ಒಂದು ಹಲಗೆ, ಕೈಯಲ್ಲಿ ವೈರು. ಇವರ ತೂತಿನಿಂದ ಅವರ ತೂತಿಗೆ ವೈರು ಚುಚ್ಚಿದರೆ ಮಾತು ಶುರು. ಇವತ್ತು ಆಫೀಸುಗಳಲ್ಲಿ ನೀಲಿ ಕೇಬಲ್ಲು ಚುಚ್ಚಿಕೊಂಡು ಮಿಣಮಿಣ ಅನ್ನುವ ಪೆಟ್ಟಿಗೆ ಇದೆಯಲ್ಲ, ಸ್ವಿಚ್ ಅಂತೀವಲ್ಲ, ಅದು ಮಾಡುವುದು ಸ್ಥೂಲವಾಗಿ ಇದೇ ಕೆಲಸ. ಯಾರ ಮಾತು ಯಾರಿಗೆ ಹೋಗಬೇಕೋ ಆ ತೂತಿಗೆ ಮಾತ್ರ ಕಳಿಸುವುದು.

ಸ್ವಿಚ್ ಮನುಷ್ಯನ ಕೈಯಿಂದ ಯಂತ್ರದ ಕೈಗೆ ಹೋದದ್ದರ ಹಿಂದೆ ಒಂದು ಮಜವಾದ ಕಥೆ ಇದೆ. ಅಮೆರಿಕಾದಲ್ಲಿ ಆಲ್ಮನ್ ಸ್ಟ್ರೌಜರ್ ಅಂತ ಒಬ್ಬ ಇದ್ದ. ಶವಸಂಸ್ಕಾರದ ವ್ಯವಸ್ಥೆ ಮಾಡುವುದು ಅವನ ದಂಧೆ. ತನಗೆ ಬರಬೇಕಾದ ಕರೆಗಳನ್ನು ಆಪರೇಟರು ತನ್ನ ಪ್ರತಿಸ್ಪರ್ಧಿಗೆ ತಿರುಗಿಸುತ್ತಿದ್ದಾಳೆ ಅನ್ನುವ ಅನುಮಾನ ಅವನಿಗೆ ಬಂತಂತೆ. ಆ ಸಿಟ್ಟಿಗೆ ಆಪರೇಟರೇ ಬೇಡದ ಸ್ವಯಂಚಾಲಿತ ಸ್ವಿಚ್ ಕಂಡುಹಿಡಿದ. 1891ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ದಾರಿ ಯಾರ ಕೈಯಲ್ಲಿದೆಯೋ ವ್ಯವಹಾರವೂ ಅವರ ಕೈಯಲ್ಲಿ ಅನ್ನುವುದು ಅವನಿಗೆ ಅವತ್ತೇ ಅರ್ಥವಾಗಿತ್ತು.

ನಮ್ಮಲ್ಲಿ ಊರಿಂದ ಊರಿಗೆ ಮಾತಾಡಲು ಬಹಳ ವರ್ಷ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಮೂರು ದರ. ಲೈಟ್ನಿಂಗ್ ಅಂದರೆ ಆರ್ಡಿನರಿಗಿಂತ ಎಂಟು ಪಟ್ಟು ದುಡ್ಡು. ಜಾಸ್ತಿ ದುಡ್ಡು ಕೊಟ್ಟವನ ಕರೆ ಮೊದಲು. ಇವತ್ತು ಇಂಟರ್ನೆಟ್ಟಿನಲ್ಲಿ ಇದೇ ಪದ್ಧತಿ ತರಬೇಕೋ ಬೇಡವೋ ಅನ್ನುವ ಜಗಳಕ್ಕೆ ನೆಟ್ ನ್ಯೂಟ್ರಾಲಿಟಿ ಅಂತ ಹೆಸರು. ಜಗಳ ಹಳೆಯದೇ, ಹೆಸರು ಮಾತ್ರ ಹೊಸದು.

ಆಪರೇಟರ್ ಇಲ್ಲದೆ ನೇರವಾಗಿ ಇನ್ನೊಂದು ಊರಿಗೆ ಡಯಲ್ ಮಾಡುವ ಎಸ್ಟಿಡಿ ನಮ್ಮ ದೇಶದಲ್ಲಿ ಮೊದಲು ಬಂದದ್ದು 1960ರಲ್ಲಿ, ಕಾನ್ಪುರ-ಲಖನೌ ನಡುವೆ. ಹಳ್ಳಿಗಳ ಮಟ್ಟಿಗೆ ದೊಡ್ಡ ಬದಲಾವಣೆ ತಂದದ್ದು ಮಾತ್ರ 1984ರಲ್ಲಿ ಶುರುವಾದ ಸಿ-ಡಾಟ್. ಅವರು ಮಾಡಿದ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜು ಮೊದಲು ಕೆಲಸಕ್ಕೆ ನಿಂತದ್ದು ಎಲ್ಲಿ ಗೊತ್ತೇನ್ರೀ? ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ! ವಿದೇಶಿ ಎಕ್ಸ್‌ಚೇಂಜುಗಳಿಗೆ ಏಸಿ ಕೋಣೆ ಬೇಕು. ಇದಕ್ಕೆ ಬೇಡ. ಧೂಳು, ಬಿಸಿಲು, ಕರೆಂಟಿನ ಆಟ ಎಲ್ಲ ತಡೆದುಕೊಳ್ಳುವ ಹಾಗೆ ಅದನ್ನು ಕಟ್ಟಿದ್ದರು. ಆಮೇಲೆ ಇಂಥ ಎಕ್ಸ್‌ಚೇಂಜುಗಳು ಸಾವಿರಾರು ಹಳ್ಳಿಗಳಿಗೆ ಹೋದವು. ಹಳದಿ ಬೋರ್ಡಿನ ಎಸ್ಟಿಡಿ ಬೂತುಗಳು ಊರೂರಲ್ಲಿ ಎದ್ದದ್ದೂ ಆ ದಿನಗಳಲ್ಲೇ.

ಕೋಡ್ ಅಂದರೆ ಸಬ್‌ನೆಟ್, ಸೊನ್ನೆ ಅಂದರೆ ಅಗಸಿ

ಈಗ ನಮ್ಮ ನಾಲ್ಕೂರಿನ ಕೋಡಿಗೆ ಬರೋಣ. ಮೊದಲಿನ ಸೊನ್ನೆ ಬಿಟ್ಟು ಎಣಿಸಿ. ಗದಗಿನ ಕೋಡ್ 8372, ನಾಲ್ಕು ಅಂಕಿ. ಅದರ ಮುಂದೆ ಮನೆಯ ನಂಬರ್ ಆರು ಅಂಕಿ. ಒಟ್ಟು ಹತ್ತು. ಹುಬ್ಬಳ್ಳಿ-ಧಾರವಾಡದ ಕೋಡ್ 836, ಮೂರೇ ಅಂಕಿ, ಮನೆಯ ನಂಬರ್ ಏಳು. ಒಟ್ಟು ಹತ್ತು. ಬೆಂಗಳೂರು 80, ಎರಡೇ ಅಂಕಿ, ಮನೆಯ ನಂಬರ್ ಎಂಟು. ಮತ್ತೂ ಹತ್ತೇ. ಊರು ದೊಡ್ಡದಾದಷ್ಟೂ ಕೋಡ್ ಚಿಕ್ಕದು, ಯಾಕಂದರೆ ಮನೆಗಳಿಗೆ ಜಾಸ್ತಿ ಅಂಕಿ ಬೇಕು.

ಐಪಿ ಅಡ್ರೆಸ್ಸಿನದ್ದೂ ಇದೇ ಲೆಕ್ಕ. 1981ರಲ್ಲಿ ಗೊತ್ತುಮಾಡಿದ ನಾಲ್ಕನೇ ಆವೃತ್ತಿಯ ಐಪಿಯಲ್ಲಿ ವಿಳಾಸಕ್ಕೆ ಒಟ್ಟು 32 ಬಿಟ್. ಅದನ್ನು ಓದಲು ಸುಲಭವಾಗಲಿ ಅಂತ ಚುಕ್ಕೆ ಇಟ್ಟು ನಾಲ್ಕು ಭಾಗ ಮಾಡಿ ಬರೆಯುತ್ತೇವೆ, 192.168.1.5 ಅನ್ನುವ ಹಾಗೆ. ಇದರಲ್ಲಿ ಎಷ್ಟು ಭಾಗ ಊರು, ಎಷ್ಟು ಭಾಗ ಮನೆ? ಅದನ್ನು ಹೇಳುವುದೇ ಸಬ್‌ನೆಟ್ ಮಾಸ್ಕ್. ಮನೆಯ ಮೋಡೆಮ್ಮಿನಲ್ಲಿ ಸಾಮಾನ್ಯವಾಗಿ ಕಾಣುವ 255.255.255.0 ಅಂದರೆ "ಮೊದಲ ಮೂರು ಭಾಗ ಊರು, ಕೊನೆಯ ಒಂದು ಭಾಗ ಮನೆ" ಅಂತ ಅರ್ಥ. ಅಷ್ಟೇ! ಇದನ್ನು ಕಾಲೇಜಿನಲ್ಲಿ ಎರಡು ವಾರ ಪಾಠ ಮಾಡುತ್ತಾರೆ :)

ಇನ್ನು ಮೊದಲಿನ ಸೊನ್ನೆ. ಗದಗಿನಿಂದ ಬೆಟಗೇರಿಗೆ ಫೋನ್ ಮಾಡಲು ಸೊನ್ನೆ ಬೇಡ, ಎರಡೂ ಒಂದೇ ಕೋಡು. ಮುಂಡರಗಿಗೆ ಮಾಡಬೇಕೆಂದರೆ ಸೊನ್ನೆ ಒತ್ತಬೇಕು. "ಇದು ಊರೊಳಗಿನ ಕರೆಯಲ್ಲ, ಹೊರಗೆ ಕಳಿಸು" ಅಂತ ಎಕ್ಸ್‌ಚೇಂಜಿಗೆ ಹೇಳುವ ಅಂಕಿ ಅದು. ನೆಟ್‌ವರ್ಕಿನಲ್ಲಿ ಈ ಕೆಲಸ ಮಾಡುವುದು ಗೇಟ್‌ವೇ. ನನ್ನ ಲ್ಯಾಪ್‌ಟಾಪು ಪ್ರತಿ ಸಲ ವಿಳಾಸ ನೋಡಿ ಇದು ಮನೆಯೊಳಗಿನದ್ದೋ ಹೊರಗಿನದ್ದೋ ಅಂತ ಸಬ್‌ನೆಟ್ ಮಾಸ್ಕಿನ ಸಹಾಯದಿಂದ ಲೆಕ್ಕ ಹಾಕುತ್ತದೆ. ಹೊರಗಿನದ್ದಾದರೆ ಕಣ್ಣು ಮುಚ್ಚಿ ಗೇಟ್‌ವೇಗೆ, ಅಂದರೆ ಸಾಮಾನ್ಯವಾಗಿ 192.168.1.1ಕ್ಕೆ, ಕೊಟ್ಟುಬಿಡುತ್ತದೆ. ನಮ್ಮ ಕಡೆ ಊರ ಹೆಬ್ಬಾಗಿಲಿಗೆ ಅಗಸಿ ಅಂತಾರೆ. ಗೇಟ್‌ವೇಗೆ ಇದಕ್ಕಿಂತ ಒಳ್ಳೆಯ ಪದ ನನಗಂತೂ ಸಿಕ್ಕಿಲ್ಲ. ಹೊರಗೆ ಹೋಗುವವರೆಲ್ಲ ಅಗಸಿ ದಾಟಿಯೇ ಹೋಗಬೇಕು.

ಇಲ್ಲಿ ಇನ್ನೊಂದು ಸೋಜಿಗ ಇದೆ. ಗದಗ 8372, ಮುಂಡರಗಿ 8371, ಹುಬ್ಬಳ್ಳಿ 836... ಇವೆಲ್ಲ 83ರ ಮನೆತನ. ಪಕ್ಕದಲ್ಲೇ ಇರುವ ಶಿರಹಟ್ಟಿ-ಲಕ್ಷ್ಮೇಶ್ವರ ಮಾತ್ರ 8487. ಆ ನಂಬರಿನ ನೆರೆಹೊರೆ ಯಾರು ನೋಡಿ: ಬಸವಕಲ್ಯಾಣ 8481, ಬೀದರ್ 8482, ಹುಮನಾಬಾದ್ 8483, ಭಾಲ್ಕಿ 8484. ಮುನ್ನೂರು ಕಿಲೋಮೀಟರಿಗೂ ಮೀರಿದ ದೂರದ ಊರುಗಳು! ಅದೇ ಪಿನ್ ಕೋಡ್ ತೆಗೆದುಕೊಂಡರೆ (1972ರಲ್ಲಿ ಬಂದದ್ದು) ಗದಗ 582101, ಬೆಟಗೇರಿ 582102, ಲಕ್ಷ್ಮೇಶ್ವರ 582116, ಮುಂಡರಗಿ 582118, ಶಿರಹಟ್ಟಿ 582120. ಅಂಚೆಯವರ ನಕ್ಷೆಯಲ್ಲಿ ಇವೆಲ್ಲ ಒಂದೇ ಓಣಿ.

ಸರ್ಕಾರದ ನಕ್ಷೆಯಂತೂ ಬೇರೆಯೇ. ಬ್ರಿಟಿಷರ ಕಾಲದಲ್ಲಿ ಗದಗ ಬೊಂಬಾಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿ, ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದಲ್ಲಿ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ ಇದ್ದವು. ಇವೆಲ್ಲ ಸೇರಿ ಗದಗ ಜಿಲ್ಲೆ ಆದದ್ದು 1997ರಲ್ಲಿ. ಶಿರಹಟ್ಟಿ ತಾಲ್ಲೂಕಿನೊಳಗಿದ್ದ ಲಕ್ಷ್ಮೇಶ್ವರ ಆಮೇಲೆ ತಾನೇ ಒಂದು ತಾಲ್ಲೂಕಾಯಿತು, ಕೋಡ್ ಮಾತ್ರ ಇವತ್ತಿಗೂ ಒಂದೇ. ನೆಟ್‌ವರ್ಕಿನ ಒಂದು ದೊಡ್ಡ ಪಾಠ ಇದು: ನಂಬರಿನ ನಕ್ಷೆ ಬೇರೆ, ನೆಲದ ನಕ್ಷೆ ಬೇರೆ. ಐಪಿ ಅಡ್ರೆಸ್ ನೋಡಿ "ಇವನು ಇಂಥ ಊರಿನವನೇ" ಅಂತ ಆಣೆ ಮಾಡುವವರನ್ನು ಪೂರ್ತಿ ನಂಬಬೇಡಿ.

ಟ್ರಂಕ್ ಕಾಲ್ ಅಲ್ಲ, ಅಂಚೆ

ಇಂಟರ್ನೆಟ್ಟು ಟೆಲಿಫೋನಿನ ತಂತಿ ಹಿಡಿದು ಬಂದರೂ ಅದರ ಸ್ವಭಾವ ಅಂಚೆಯದ್ದು. ಹಳೆಯ ಫೋನಿನಲ್ಲಿ ನೀವು ಮಾತು ಮುಗಿಸುವ ತನಕ ಆ ಇಡೀ ದಾರಿ ನಿಮಗೇ ಮೀಸಲು, ನೀವು ಸುಮ್ಮನೆ ಉಸಿರಾಡುತ್ತಿದ್ದರೂ! ಅಂಚೆಯಲ್ಲಿ ಹಾಗಲ್ಲ. ಒಂದೇ ಚೀಲದಲ್ಲಿ ನೂರು ಜನರ ಕಾಗದ. ಪ್ರತಿ ಕಾಗದದ ಮೇಲೂ ವಿಳಾಸ. ದಾರಿಯಲ್ಲಿ ಸಾರ್ಟಿಂಗ್ ಮಾಡುವವರು ಪಿನ್ ನೋಡಿ ಮುಂದಿನ ಚೀಲಕ್ಕೆ ಹಾಕುತ್ತಾರೆ. 1960ರ ದಶಕದಲ್ಲಿ ಅಮೆರಿಕಾದ ಪಾಲ್ ಬರಾನ್, ಇಂಗ್ಲೆಂಡಿನ ಡೊನಾಲ್ಡ್ ಡೇವಿಸ್ ಬೇರೆಬೇರೆಯಾಗಿ ಇದೇ ವಿಚಾರಕ್ಕೆ ಬಂದರು. ಆ ತುಂಡುಗಳಿಗೆ ಪ್ಯಾಕೆಟ್ ಅಂತ ಹೆಸರಿಟ್ಟವನು ಡೇವಿಸ್. 1969ರ ಅಕ್ಟೋಬರ್ 29ರಂದು ಆರ್ಪಾನೆಟ್ಟಿನಲ್ಲಿ ಮೊದಲ ಸಂದೇಶ ಹೋಯಿತು. ಸಾರ್ಟಿಂಗ್ ಮಾಡುವ ಪೆಟ್ಟಿಗೆಯೇ ರೌಟರ್. ನಿಮ್ಮ ಮನೆಯ ಮೂಲೆಯಲ್ಲಿರುವುದು ಅದರ ತೀರಾ ಚಿಕ್ಕ ತಮ್ಮ.

ಸಾರ್ಟಿಂಗ್ ಎಲ್ಲಿ ನಡೆಯುತ್ತದೆ ಅನ್ನುವುದೂ ಮುಖ್ಯ. ಒಂದು ಕಾಲದಲ್ಲಿ ಭಾರತದ ಒಂದು ಕಂಪನಿಯ ಗ್ರಾಹಕ ಇನ್ನೊಂದು ಕಂಪನಿಯ ಗ್ರಾಹಕನಿಗೆ ಕಳಿಸಿದ ಪ್ಯಾಕೆಟ್ಟು ಅಮೆರಿಕಾ ಸುತ್ತಿ ಬರುವುದೂ ಇತ್ತು. ಅದನ್ನು ತಪ್ಪಿಸಲು, ದೇಶದೊಳಗಿನದ್ದು ದೇಶದೊಳಗೇ ಬದಲಾಗಲಿ ಅಂತ 2003ರಲ್ಲಿ ನಿಕ್ಸಿ ಅನ್ನುವ ಸಂಸ್ಥೆ ಮಾಡಿದರು. ಗದಗಿನಿಂದ ಬೆಂಗಳೂರು ಸುಮಾರು 400 ಕಿ.ಮೀ. ಅಂತ ಇಟ್ಟುಕೊಳ್ಳಿ. ಗಾಜಿನ ಎಳೆಯಲ್ಲಿ ಬೆಳಕಿಗೆ ಒಂದು ಕಿ.ಮೀ.ಗೆ ಹತ್ತಿರ ಹತ್ತಿರ 5 ಮೈಕ್ರೋಸೆಕೆಂಡು ಬೇಕು. ಹೋಗಲು 2 ಮಿಲಿಸೆಕೆಂಡು, ಬರಲು 2. ಹೀಗೆ ಹೋಗಿ ಬರುವ ಸಮಯಕ್ಕೇ ಲೇಟೆನ್ಸಿ ಅಥವಾ ಪಿಂಗ್ ಅನ್ನುವುದು. ದಾರಿ ಸುತ್ತಾದಷ್ಟೂ ಅದು ಜಾಸ್ತಿ. ಸ್ಪೀಡ್ ಚೆನ್ನಾಗಿದ್ದರೂ ವಿಡಿಯೋ ಕಾಲಿನಲ್ಲಿ ಮಾತು ತಡವಾಗಿ ಬರುವುದಕ್ಕೆ ಇದೂ ಒಂದು ಕಾರಣ.

ಪಿ.ಪಿ. ನಂಬರ್

ಹಳೆಯ ವಿಸಿಟಿಂಗ್ ಕಾರ್ಡು, ಲಗ್ನಪತ್ರಿಕೆಗಳಲ್ಲಿ ಫೋನ್ ನಂಬರಿನ ಮುಂದೆ "ಪಿ.ಪಿ." ಅಂತ ಇರುತ್ತಿತ್ತು, ನೋಡಿದ್ದೀರಾ? ಫೋನ್ ನಮ್ಮದಲ್ಲ, ಪಕ್ಕದ ಮನೆಯವರದ್ದು, ಕರೆ ಮಾಡಿದರೆ ಕರೆದು ಕೊಡುತ್ತಾರೆ ಅಂತ ಅರ್ಥ. ಒಂದು ನಂಬರಿಗೆ ಇಡೀ ಓಣಿಯೇ ವಾರಸುದಾರ.

ನ್ಯಾಟ್ ಅನ್ನುವುದು ಇದೇ. 32 ಬಿಟ್ಟಿನಲ್ಲಿ ಆಗುವುದು ಸುಮಾರು 430 ಕೋಟಿ ವಿಳಾಸ. 1981ರಲ್ಲಿ ಅದು ಮುಗಿಯದ ಕಣಜದ ಹಾಗೆ ಕಂಡಿರಬೇಕು. ಸಾಲುವುದಿಲ್ಲ ಅಂತ ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ. 1996ರಲ್ಲಿ 192.168 ಮತ್ತು 10ರಿಂದ ಶುರುವಾಗುವಂಥ ಕೆಲವು ವಿಳಾಸಗಳನ್ನು ಮನೆಯೊಳಗೆ, ಆಫೀಸಿನೊಳಗೆ ಯಾರು ಬೇಕಾದರೂ ಬಳಸಿ, ಅಗಸಿಯ ಹೊರಗೆ ಮಾತ್ರ ತರಬೇಡಿ ಅಂತ ಬಿಟ್ಟುಕೊಟ್ಟರು. ಹಾಗಾಗಿಯೇ ಮುಂಡರಗಿಯ ಮನೆಯಲ್ಲೂ ಮೈಸೂರಿನ ಮನೆಯಲ್ಲೂ 192.168.1.1 ಇರಬಹುದು, ಜಗಳವಿಲ್ಲ. ಹೊರಗೆ ಹೋಗುವಾಗ ಮೋಡೆಮ್ಮು ಎಲ್ಲರ ಪರವಾಗಿ ತನ್ನ ಒಂದೇ ವಿಳಾಸ ಹಾಕುತ್ತದೆ, ಯಾರು ಯಾರಿಗೆ ಕಳಿಸಿದರು ಅಂತ ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ, ಉತ್ತರ ಬಂದಾಗ ಚೀಟಿ ನೋಡಿ ಆಯಾ ಮೊಬೈಲಿಗೆ ಕೊಡುತ್ತದೆ.

2011ರ ಫೆಬ್ರವರಿ 3ರಂದು ಜಗತ್ತಿನ ಮೂಲ ಕಣಜದಲ್ಲಿದ್ದ ವಿಳಾಸಗಳು ಖಾಲಿಯಾದವು. ಈಗ ಹಲವು ಕಂಪನಿಗಳು ಎಷ್ಟೋ ಮನೆಗಳಿಗೆ ಸೇರಿಸಿ ಒಂದೇ ಹೊರಗಿನ ವಿಳಾಸ ಕೊಡುತ್ತವೆ. ಇದಕ್ಕೆ ಸಿಜಿ-ನ್ಯಾಟ್ ಅಂತಾರೆ, ಅಂದರೆ ಓಣಿಗೊಂದು ಪಿ.ಪಿ. ನಂಬರ್! ನಿಮ್ಮ ಮೋಡೆಮ್ಮಿಗೆ ಹೊರಗಡೆಯಿಂದ ಬಂದ ವಿಳಾಸ 100.64ರಿಂದ 100.127ರ ನಡುವೆ ಶುರುವಾದರೆ ನೀವೂ ಅದರೊಳಗಿದ್ದೀರಿ. ಅಂಗಡಿಯ ಸಿಸಿ ಕ್ಯಾಮೆರಾವನ್ನು ಮನೆಯಿಂದ ನೇರವಾಗಿ ನೋಡಲು ಆಗುತ್ತಿಲ್ಲ ಅಂದರೆ ಕ್ಯಾಮೆರಾದ ತಪ್ಪೇ ಇರಬೇಕೆಂದಿಲ್ಲ. ಶಾಶ್ವತ ಪರಿಹಾರ 128 ಬಿಟ್ಟಿನ ಆರನೇ ಆವೃತ್ತಿ. ಅದರಲ್ಲಿ ಪ್ರತಿ ಸಾಧನಕ್ಕೂ ಸ್ವಂತ ನಂಬರ್ ಕೊಟ್ಟರೂ ಮಿಗುತ್ತದೆ.

ಇದೇ ಮನೆತನದ ಇನ್ನೆರಡು ಪದ. ಡಿಎಚ್‌ಸಿಪಿ ಅಂದರೆ ಲಾಡ್ಜಿನ ಮ್ಯಾನೇಜರ್. ಬಂದವರಿಗೆ ಖಾಲಿ ಇರುವ ರೂಮ್ ನಂಬರ್ ಕೊಡುವುದು, ಅವಧಿ ಮುಗಿದರೆ ಇನ್ನೊಬ್ಬರಿಗೆ ಕೊಡುವುದು. ಡಿಎನ್‌ಎಸ್ ಅಂದರೆ ಟೆಲಿಫೋನ್ ಡೈರೆಕ್ಟರಿ, ಹೆಸರು ಹೇಳಿದರೆ ನಂಬರ್ ಹೇಳುವ ನಮ್ಮ ಹಳೆಯ 197. ಮೊದಲು ಇಡೀ ಜಾಲದ ಹೆಸರುಗಳು ಒಂದೇ ಕಡತದಲ್ಲಿದ್ದವು, ಎಲ್ಲರೂ ಅದನ್ನೇ ನಕಲು ಮಾಡಿಕೊಳ್ಳಬೇಕಿತ್ತು. ಅದು ಉಬ್ಬುತ್ತಾ ಹೋದಾಗ 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ರೂಪಿಸಿದ. ಈಗ ಅದರಲ್ಲಿ .ಭಾರತ ಅಂತ ಕನ್ನಡ ಲಿಪಿಯ ಹೆಸರೂ ಇದೆ!

ತಂತಿಯಿಂದ ಗಾಜಿಗೆ

ಭಾರತದ ಶಿಕ್ಷಣ ಸಂಸ್ಥೆಗಳನ್ನು ಜೋಡಿಸುವ ಎರ್ನೆಟ್ 1986ರಲ್ಲಿ ಶುರುವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಮೊದಲ ಸದಸ್ಯರಲ್ಲಿ ಒಂದು. ಜನಸಾಮಾನ್ಯರಿಗೆ ಇಂಟರ್ನೆಟ್ ಸಿಕ್ಕದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಆಗ ಡಯಲ್-ಅಪ್. ಕಂಪ್ಯೂಟರಿನ ಸೊನ್ನೆ-ಒಂದುಗಳನ್ನು ಕಿರ್ರ್... ಕುಂಯ್ ಅನ್ನುವ ಸದ್ದಾಗಿ ಮಾಡಿ ಫೋನಿನಲ್ಲಿ ಕಳಿಸುವುದು, ಆ ಕಡೆ ಸದ್ದನ್ನು ಮತ್ತೆ ಅಂಕಿ ಮಾಡುವುದು. ಸದ್ದಿನ ಮೇಲೆ ಏರಿಸುವ 'ಮಾಡ್ಯುಲೇಟ್', ಇಳಿಸುವ 'ಡಿಮಾಡ್ಯುಲೇಟ್' ಎರಡೂ ಸೇರಿ ಮೋಡೆಮ್. ನೆಟ್ ಹಚ್ಚಿದರೆ ಫೋನ್ ಎಂಗೇಜ್!

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್‌ನ ಬ್ರಾಡ್‌ಬ್ಯಾಂಡ್ ಬಂತು. ತಂತಿ ಅದೇ ತಾಮ್ರದ ಜೋಡಿ. ಮನುಷ್ಯನ ಮಾತಿಗೆ ಬೇಕಾದ್ದು 4 ಕಿಲೋಹರ್ಟ್ಸ್‌ನೊಳಗಿನ ಜಾಗ ಮಾತ್ರ. ಅದರ ಮೇಲೆ ಖಾಲಿ ಬಿದ್ದಿದ್ದ ಜಾಗದಲ್ಲಿ, ಸುಮಾರು 25ರಿಂದ 1100 ಕಿಲೋಹರ್ಟ್ಸ್ ತನಕ, ಎಡಿಎಸ್‌ಎಲ್ ಡೇಟಾ ಕಳಿಸಿತು. ಎರಡನ್ನೂ ಬೇರೆ ಮಾಡುವ ಚಿಕ್ಕ ಡಬ್ಬಿಯೇ ಸ್ಪ್ಲಿಟರ್. ಎಕ್ಸ್‌ಚೇಂಜಿನಿಂದ ದೂರ ಹೋದಷ್ಟೂ ಆ ಮೇಲಿನ ಸಿಗ್ನಲ್ಲು ಸೊರಗುತ್ತದೆ. ಪೇಟೆಯ ಮನೆಗೆ ಬಂದ ಬ್ರಾಡ್‌ಬ್ಯಾಂಡ್ ಹೊಲದ ಕಡೆಯ ಮನೆಗೆ ಬಾರದೆ ಇದ್ದದ್ದಕ್ಕೆ ಇದೊಂದು ಕಾರಣ.

ಬ್ರಾಡ್‌ಬ್ಯಾಂಡ್ ಅನ್ನುವ ಪದದ ಅರ್ಥವೂ ಬೆಳೆಯುತ್ತಾ ಬಂದಿದೆ. ಸರ್ಕಾರದ ಪ್ರಕಾರ 2004ರಲ್ಲಿ ಕನಿಷ್ಠ 256 ಕೆಬಿಪಿಎಸ್, 2013ರಲ್ಲಿ 512 ಕೆಬಿಪಿಎಸ್, 2023ರಿಂದ 2 ಎಂಬಿಪಿಎಸ್. ಇಲ್ಲಿ ಎಚ್ಚರ! ಈ ಲೆಕ್ಕ ಬಿಟ್‌ನದ್ದು, ಫೈಲಿನ ಲೆಕ್ಕ ಬೈಟ್‌ನದ್ದು. 8 ಬಿಟ್ ಸೇರಿದರೆ 1 ಬೈಟ್. "40ರ ಪ್ಲಾನ್" ಹಾಕಿಸಿದರೆ ಡೌನ್‌ಲೋಡ್ ಹೆಚ್ಚೆಂದರೆ ಸೆಕೆಂಡಿಗೆ 5 ಎಂಬಿ, ಅದು ಮೋಸವಲ್ಲ. 1 ಎಂಬಿಯೂ ಬರದಿದ್ದರೆ ಆಗ ಕೇಳಿ. 5 ಎಂಬಿಯ ಒಂದು ಹಾಡು ಇಳಿಯಲು ಮೊದಮೊದಲಿನ 9.6 ಕೆಬಿಪಿಎಸ್ ಡಯಲ್-ಅಪ್‌ನಲ್ಲಿ 70 ನಿಮಿಷ, 256ರಲ್ಲಿ ಎರಡೂವರೆ ನಿಮಿಷ, 2 ಎಂಬಿಪಿಎಸ್‌ನಲ್ಲಿ 20 ಸೆಕೆಂಡು.

ಈಗ ತಾಮ್ರದ ಜಾಗಕ್ಕೆ ಗಾಜಿನ ಎಳೆ ಬಂದಿದೆ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ 2011ರಲ್ಲಿ ಒಪ್ಪಿಗೆ ಕೊಟ್ಟಿತು, ಈಗ ಅದರ ಹೆಸರು ಭಾರತ್‌ನೆಟ್. ಮನೆಗೆ ಬರುವ ಫೈಬರಿನಲ್ಲಿ ಮೋಡೆಮ್ಮಿನ ಕೆಲಸ ಮಾಡುವ ಪೆಟ್ಟಿಗೆ ಓಎನ್‌ಟಿ. ಕೊನೆಯ ಕೆಲವು ಮೀಟರ್ ಮಾತ್ರ ವೈಫೈ. 2.4 ಗಿಗಾಹರ್ಟ್ಸ್ ನಿಧಾನ, ಆದರೆ ಗೋಡೆ ದಾಟುತ್ತದೆ. 5 ಗಿಗಾಹರ್ಟ್ಸ್ ಜೋರು, ಆದರೆ ನಮ್ಮ ಕಡೆಯ ದಪ್ಪ ಮಣ್ಣಿನ ಗೋಡೆಯ ಮುಂದೆ ಸೋಲುತ್ತದೆ. ಪಡಸಾಲೆಯಲ್ಲಿ ಬರುವ ನೆಟ್ಟು ಅಡುಗೆಮನೆಯಲ್ಲಿ ಬರುವುದಿಲ್ಲ ಅಂತ ಕಂಪನಿ ಬದಲಿಸುವ ಮೊದಲು ಪೆಟ್ಟಿಗೆಯ ಜಾಗ ಬದಲಿಸಿ ನೋಡಿ.

ಪದ ಯಾರದ್ದು?

ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಕವಿರಾಜಮಾರ್ಗ ಹೇಳುವ ತಿರುಳ್ಗನ್ನಡದ ನಾಲ್ಕು ಊರುಗಳಲ್ಲಿ ಅದೂ ಒಂದು, ಪಂಪ ತನ್ನ ಕಾವ್ಯಕ್ಕೆ ಆರಿಸಿಕೊಂಡದ್ದು ಅಲ್ಲಿಯ ಕನ್ನಡವನ್ನು. ಅಂಥ ಊರಿನವರು ಈ ಪದಗಳನ್ನೆಲ್ಲ ಅಚ್ಚಗನ್ನಡಕ್ಕೆ ತರಬೇಡವೇ ಅಂತ ಗೆಳೆಯರು ಕೇಳುತ್ತಾರೆ. ವಿಳಾಸ, ಜಾಲ, ಕೊಂಡಿ, ಅಗಸಿ ಇವು ಚೆನ್ನಾಗಿ ಕೂರುತ್ತವೆ, ಬಳಸೋಣ. ಮೋಡೆಮ್, ರೌಟರ್ ಅಂದರೆ ಅಂಗಡಿಯವನಿಗೂ ಗೊತ್ತು, ಲೈನ್‌ಮನ್‌ಗೂ ಗೊತ್ತು, ಇರಲಿ ಬಿಡಿ. ಪದ ಎಲ್ಲಿಯದ್ದಾದರೂ ವಿವರಣೆ ಕನ್ನಡದಲ್ಲಿ ಸಿಗಬೇಕು ಅನ್ನುವುದಷ್ಟೇ ನನ್ನ ಹಟ.

2001ರಲ್ಲಿ 'ಭೂಮಿ' ಯೋಜನೆ ಬಂದು ಉತಾರ ಕಂಪ್ಯೂಟರಿನೊಳಗೆ ಹೋಯಿತು. ಉತಾರ ಸಿಗುವುದು ಸುಲಭವಾಯಿತು ನಿಜ. ಆದರೆ ಕಾಗದದ ಬದಲು ಈಗ ನಡುವೆ ಒಂದು ನೆಟ್‌ವರ್ಕ್ ಕೂತಿದೆ, ಅದರ ಭಾಷೆ ಗೊತ್ತಿಲ್ಲದವನು ಟ್ರಂಕ್ ಕಾಲಿನ ಕಾಲದ ಹಾಗೆ ಇನ್ನೊಬ್ಬರ ಬಾಯಿ ನೋಡುತ್ತಾ ನಿಲ್ಲಬೇಕು. ಹಾಗಾಗಿ ಇನ್ನು ಮುಂದೆ ಯಾರಾದರೂ "ಸರ್ವರ್ ಡೌನ್" ಅಂದರೆ ಮೂರು ಮಾತು ಕೇಳಿ. ಒಂದು, ಪೆಟ್ಟಿಗೆಯ ಮೇಲೆ 'ಲಾಸ್' ಅನ್ನುವ ಕೆಂಪು ದೀಪ ಹತ್ತಿದೆಯಾ? ಹತ್ತಿದ್ದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ, ಸರ್ವರಿಗೂ ಅದಕ್ಕೂ ಸಂಬಂಧವಿಲ್ಲ, ಲೈನ್‌ಮನ್ ಬರಬೇಕು. ಎರಡು, ಬೇರೆ ವೆಬ್‌ಸೈಟು ತೆರೆಯುತ್ತಾ? ತೆರೆಯದಿದ್ದರೆ ತೊಂದರೆ ಹೆಚ್ಚಾಗಿ ಇಲ್ಲೇ, ಮೋಡೆಮ್ಮಿನಲ್ಲೋ ಡಿಎನ್‌ಎಸ್‌ನಲ್ಲೋ, ಒಮ್ಮೆ ಆಫ್ ಮಾಡಿ ಆನ್ ಮಾಡಲು ಹೇಳಿ. ಮೂರು, ಬೇರೆಯದೆಲ್ಲ ತೆರೆದು ಇದೊಂದೇ ತೆರೆಯುತ್ತಿಲ್ಲವಾ? ನಿಮ್ಮ ಮೊಬೈಲಿನ ನೆಟ್ಟಿನಲ್ಲೂ ಅದೊಂದೇ ತೆರೆಯದಿದ್ದರೆ, ಆಗ ಸರ್ವರ್ ಡೌನ್ ಅನ್ನುವ ಮಾತನ್ನು ನಂಬಬಹುದು.

ನಿಮ್ಮೂರಿನ ಎಸ್ಟಿಡಿ ಕೋಡ್ ಯಾವ ಮನೆತನದ್ದು? ಶಿರಹಟ್ಟಿಯ ಹಾಗೆ ದೂರದ ಊರಿನ ಪಕ್ಕ ಹೋಗಿ ಕೂತ ಕೋಡ್ ನಿಮ್ಮ ಕಡೆಯೂ ಇದ್ದರೆ ದಯವಿಟ್ಟು ತಿಳಿಸಿ. ಗೇಟ್‌ವೇಗೆ ನಿಮ್ಮ ಸೀಮೆಯಲ್ಲಿ ಅಗಸಿಗಿಂತ ಒಳ್ಳೆಯ ಪದ ಇದ್ದರೆ ಅದನ್ನೂ.